‘ಬೆಂಗಾಲ್’ ಎಂಬ ಬೆಂಗಾವಲು ಹಡಗು

(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವೈದ್ಯನನ್ನು ಭಾಷಣಕ್ಕೆ ಕರೆದರೆ ಅವನು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಬಿಟ್ಟು ಬೇರೇನು ಹೇಳಿಯಾನು ಎಂದು ತಾವು ಭಾವಿಸಿರಬಹುದು. ಊಟಕ್ಕೆ ಮೊದಲು ಸಿಹಿಯ ವಿರುದ್ಧ ಮಾತನಾಡಿ, ಬೆಳಗಿನಿಂದ ಅಡುಗೆಮನೆಯಲ್ಲಿ ದುಡಿದವರ ಮನಸ್ಸನ್ನು ನೋಯಿಸುವ ಇಚ್ಛೆ ನನಗಿಲ್ಲ. ಇಂದು ನಾನು ಆರಿಸಿಕೊಂಡಿರುವುದು ಒಂದು ಹಡಗಿನ ಚರಿತ್ರೆಯನ್ನು. ಅದು ನಾವು ಈಗ ನೆಲೆಸಿರುವ ಆಸ್ಟ್ರೇಲಿಯಾದಲ್ಲಿ ಹುಟ್ಟಿ, ನಾವು ಬಿಟ್ಟುಬಂದ ಭಾರತಕ್ಕಾಗಿ ದುಡಿದ ಹಡಗು. ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಎರಡನೆಯ ಮಹಾಯುದ್ಧದ ವಿಷಯವನ್ನು ಓದುವಾಗ ಈ ಹೆಸರನ್ನು ಕಾಣುವುದು ಅಪರೂಪ. ಆದುದರಿಂದ ಮನೆಯ ಹಿರಿಯರಾದರೂ ಇದನ್ನು ತಿಳಿದಿರಬೇಕೆಂಬುದು ನನ್ನ ಆಶಯ.

ನನಗೆ ಇದರ ಪರಿಚಯವಾದದ್ದು ಆಕಸ್ಮಿಕವಾಗಿ. ಮೆಲ್ಬರ್ನಿನ ವಿಲಿಯಮ್ಸ್‌ಟೌನ್ ದಡದಲ್ಲಿ ‘ಕಾಸಲ್‌ಮೇನ್’ ಎಂಬ ಹಳೆಯ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ. ಮಕ್ಕಳೊಡನೆ ಅದನ್ನು ನೋಡಿ ಬಂದ ಮೇಲೆ ಆ ವರ್ಗದ ಹಡಗುಗಳ ವಿಷಯವನ್ನು ಕುತೂಹಲದಿಂದ ಓದತೊಡಗಿದೆ. ಆ ಓದಿನಲ್ಲಿ, ಒಟ್ಟು ೬೦ ಹಡಗುಗಳಲ್ಲಿ ನಾಲ್ಕನ್ನು ಭಾರತದ ನೌಕಾಪಡೆಗಾಗಿಯೇ ಕಟ್ಟಿದರೆಂಬ ಸಂಗತಿ ತಿಳಿಯಿತು. ಅವುಗಳ ಹೆಸರುಗಳು ಬೆಂಗಾಲ್, ಬಾಂಬೆ, ಮದ್ರಾಸ್ ಮತ್ತು ಪಂಜಾಬ್.

ಬೆಂಗಾವಲು ಹಡಗು ಎಂದರೇನು?

ಯುದ್ಧವೆಂದರೆ ದೊಡ್ಡ ದೊಡ್ಡ ತೋಪುಗಳ ನೌಕೆಗಳು ಎದುರುಬದುರಾಗಿ ನಿಂತು ಹೊಡೆದಾಡುವುದೆಂದು ನಾವು ಚಿತ್ರಿಸಿಕೊಳ್ಳುತ್ತೇವೆ. ಆದರೆ ದೇಶಗಳು ಬದುಕಿ ಉಳಿಯುವುದು ಸರಕಿನ ಹಡಗುಗಳಿಂದ. ಧಾನ್ಯ, ಎಣ್ಣೆ, ಮದ್ದುಗುಂಡು, ಸೈನಿಕರು ಎಲ್ಲವೂ ಸಮುದ್ರದ ಮೇಲೆಯೇ ಸಾಗಬೇಕು. ಅಂಥ ಹಡಗುಗಳನ್ನು ಶತ್ರುವಿನಿಂದ ಕಾಪಾಡುತ್ತ ಜೊತೆಯಲ್ಲಿ ಸಾಗುವುದೇ ಬೆಂಗಾವಲು ನೌಕೆಯ ಕೆಲಸ. ಶತ್ರುವನ್ನು ಹುಡುಕಿಕೊಂಡು ಹೋಗಿ ಗೆಲ್ಲುವ ಕೀರ್ತಿ ಅದಕ್ಕಿಲ್ಲ. ತನ್ನ ವಶಕ್ಕೆ ಒಪ್ಪಿಸಿದ ಹಡಗು ಸುರಕ್ಷಿತವಾಗಿ ದಡ ಸೇರಿದರೆ ಅದೇ ಅದರ ಗೆಲುವು.

ಯುದ್ಧ ಆರಂಭವಾದಾಗ ಇಂಥ ನೌಕೆಗಳು ಸಾಕಷ್ಟು ಇರಲಿಲ್ಲ. ಬೇಗ ಕಟ್ಟಬಹುದಾದ, ಕಡಿಮೆ ವೆಚ್ಚದ, ಹಲವು ಕೆಲಸಗಳಿಗೆ ಒದಗುವ ಸಣ್ಣ ಹಡಗೊಂದು ಬೇಕಾಗಿತ್ತು. ಹೀಗೆ ರೂಪುಗೊಂಡದ್ದು ಬ್ಯಾಥರ್ಸ್ಟ್ ವರ್ಗ. ಇವನ್ನು ಆಸ್ಟ್ರೇಲಿಯಾದ ಎಂಟು ಹಡಗುಕಟ್ಟೆಗಳಲ್ಲಿ ನಿರ್ಮಿಸಿದರು. ಸಮುದ್ರದಲ್ಲಿ ಹುದುಗಿಸಿಟ್ಟ ಮೈನುಗಳನ್ನು ತೆಗೆಯುವ ನೌಕೆಗಳೆಂದು ದಾಖಲೆಗಳಲ್ಲಿ ಕರೆದರೂ ಜನ ಇವನ್ನು ಕಾರ್ವೆಟ್ ಎಂದೇ ಕರೆದರು. ಉದ್ದ ಸುಮಾರು ೧೮೬ ಅಡಿ, ಅಗಲ ೩೧ ಅಡಿ, ವೇಗ ಗಂಟೆಗೆ ಸುಮಾರು ೧೫ ಸಾಗರ ಮೈಲಿ. ಇಷ್ಟು ಜಾಗದಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಉಣ್ಣಬೇಕು, ಮಲಗಬೇಕು, ಕಾವಲು ಕಾಯಬೇಕು. ‘ಕಾಸಲ್‌ಮೇನ್’ ಹಡಗಿನೊಳಗೆ ಇಳಿದಾಗ ಎರಡು ಕಡೆಯ ಗೋಡೆಗಳೂ ನನ್ನ ಭುಜಕ್ಕೆ ತಾಗುವಂತಿದ್ದವು.

‘ಬೆಂಗಾಲ್’ ನಿರ್ಮಾಣವಾದದ್ದು ಸಿಡ್ನಿ ಬಂದರಿನ ಕಾಕಟೂ ದ್ವೀಪದಲ್ಲಿ. ಹಿಂದೆ ಕೈದಿಗಳನ್ನು ಇರಿಸುತ್ತಿದ್ದ ಆ ದ್ವೀಪ ೨೦೧೦ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಸಿಡ್ನಿಗೆ ಹೋದ ಕನ್ನಡಿಗರು ದೋಣಿಯಲ್ಲಿ ಅಲ್ಲಿಗೆ ಹೋಗಿಬರಬಹುದು. ೧೯೪೨ರಲ್ಲಿ ‘ಬೆಂಗಾಲ್’ ನೀರಿಗಿಳಿದು ಭಾರತದ ನೌಕಾಪಡೆಯ ಸೇವೆಗೆ ಸೇರಿತು. ಆಗ ಆ ಪಡೆಯ ಹೆಸರು ರಾಯಲ್ ಇಂಡಿಯನ್ ನೇವಿ. ಮುಖ್ಯ ಅಧಿಕಾರಿಗಳು ಬ್ರಿಟಿಷರು, ನಾವಿಕರಲ್ಲಿ ಬಹುಪಾಲು ಭಾರತೀಯರು. ಯುದ್ಧ ತೊಡಗಿದಾಗ ಬೆರಳೆಣಿಕೆಯ ಹಡಗುಗಳಿದ್ದ ಆ ಪಡೆ ಹೊಸ ಹುಡುಗರನ್ನು ಅವಸರದಲ್ಲಿ ಸೇರಿಸಿಕೊಂಡು ಬೆಳೆಯುತ್ತಿತ್ತು. ‘ಬೆಂಗಾಲ್’ ಹಡಗಿನ ಕಪ್ತಾನ ಲೆಫ್ಟಿನೆಂಟ್ ಕಮಾಂಡರ್ ಡಬ್ಲ್ಯು. ಜೆ. ವಿಲ್ಸನ್. ಈ ವರ್ಗದ ಹಡಗುಗಳಿಗೆ ನಾಲ್ಕು ಅಂಗುಲದ ತೋಪನ್ನು ಕೂರಿಸುವ ಉದ್ದೇಶವಿದ್ದರೂ, ತೋಪುಗಳ ಕೊರತೆಯಿಂದ ‘ಬೆಂಗಾಲ್’ ಪಾಲಿಗೆ ಬಂದದ್ದು ಮೂರು ಅಂಗುಲದ ಒಂದು ಸಣ್ಣ ತೋಪು. ಅದು ಎಸೆಯುವ ಗುಂಡಿನ ತೂಕ ಸುಮಾರು ೧೨ ಪೌಂಡು. ಈ ಅಂಕಿಯನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಎಣ್ಣೆಯ ದಾರಿ

೧೯೪೨ರ ಮೊದಲ ತಿಂಗಳುಗಳಲ್ಲಿ ಜಪಾನ್ ಸಿಂಗಪುರವನ್ನೂ ಡಚ್ಚರ ವಶದಲ್ಲಿದ್ದ ಇಂಡೊನೇಷ್ಯಾವನ್ನೂ ಗೆದ್ದುಕೊಂಡಿತು. ಅಲ್ಲಿನ ಎಣ್ಣೆ ಆಸ್ಟ್ರೇಲಿಯಾಕ್ಕೆ ಬರುವುದು ನಿಂತಿತು. ಇರಾನಿನ ಅಬಾದಾನ್ ಶುದ್ಧೀಕರಣ ಕೇಂದ್ರದಿಂದ ಹಿಂದೂ ಮಹಾಸಾಗರವನ್ನು ಅಡ್ಡಹಾಯ್ದು ತರುವ ಎಣ್ಣೆ ಅತ್ಯಮೂಲ್ಯವಾಯಿತು. ಆ ದಾರಿಯಲ್ಲಿ ಓಡಾಡುತ್ತಿದ್ದ ತೈಲವಾಹಕಗಳಲ್ಲಿ ಒಂದು ಡಚ್ಚರ ‘ಒಂಡಿನಾ’. ಅದರಲ್ಲಿ ಡಚ್ ಅಧಿಕಾರಿಗಳೂ ಚೀನೀ ಕೆಲಸಗಾರರೂ ಇದ್ದರು. ಆತ್ಮರಕ್ಷಣೆಗೆಂದು ಹಿಂಬದಿಯಲ್ಲಿ ನಾಲ್ಕು ಅಂಗುಲದ ಒಂದು ತೋಪು, ಅದಕ್ಕೆ ೩೨ ಗುಂಡುಗಳು. ಕಪ್ತಾನನ ಹೆಸರು ವಿಲೆಮ್ ಹಾರ್ಸ್‌ಮನ್.

ಜಪಾನಿನವರು ಈ ದಾರಿಯನ್ನು ಕತ್ತರಿಸಲು ‘ಹೊಕೊಕು ಮಾರು’ ಮತ್ತು ‘ಐಕೊಕು ಮಾರು’ ಎಂಬ ಜೋಡಿ ಹಡಗುಗಳನ್ನು ಬಿಟ್ಟಿದ್ದರು. ಇವು ಮೂಲತಃ ಪ್ರಯಾಣಿಕರ ಮತ್ತು ಸರಕಿನ ಹಡಗುಗಳು. ಆಮೇಲೆ ಇವುಗಳ ಮೇಲೆ ತೋಪುಗಳನ್ನೂ ಟಾರ್ಪೀಡೊ ಕೊಳವೆಗಳನ್ನೂ ಸಮುದ್ರವಿಮಾನಗಳನ್ನೂ ಏರಿಸಲಾಗಿತ್ತು. ಒಂದೊಂದೂ ೧೦,೪೦೦ ಟನ್ನಿನ ಹಡಗು. ಇವುಗಳ ಒಂದೊಂದು ಗುಂಡಿನ ತೂಕ ೮೦ ಪೌಂಡಿಗೂ ಮೀರಿದ್ದು. ವೇಗದಲ್ಲಿಯೂ ‘ಬೆಂಗಾಲ್’ ಇವಕ್ಕೆ ಸಾಟಿಯಲ್ಲ. ೧೯೪೨ರ ಮೇ ತಿಂಗಳಲ್ಲಿ ಈ ಜೋಡಿ ‘ಜೆನೋಟಾ’ ಎಂಬ ಡಚ್ ತೈಲವಾಹಕವನ್ನೂ, ಜುಲೈಯಲ್ಲಿ ನ್ಯೂಜಿಲೆಂಡಿನ ‘ಹೌರಾಕಿ’ ಹಡಗನ್ನೂ ಸೆರೆಹಿಡಿದಿತ್ತು. ‘ಒಂಡಿನಾ’ವನ್ನೂ ಹಾಗೆಯೇ ಹಿಡಿಯಬಹುದೆಂದು ಅವು ಭಾವಿಸಿದ್ದರೆ ಆಶ್ಚರ್ಯವಿಲ್ಲ.

೧೯೪೨ ನವೆಂಬರ್ ೧೧

ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಿಂದ ‘ಒಂಡಿನಾ’ ಮತ್ತು ‘ಬೆಂಗಾಲ್’ ನವೆಂಬರ್ ೫ರಂದು ಹೊರಟವು. ‘ಒಂಡಿನಾ’ದ ತೊಟ್ಟಿಗಳು ಖಾಲಿಯಿದ್ದವು. ದಿಯೆಗೊ ಗಾರ್ಸಿಯಾ ದ್ವೀಪದ ಮಾರ್ಗವಾಗಿ ಅಬಾದಾನಿಗೆ ಹೋಗಿ ಎಣ್ಣೆ ತುಂಬಿಸಿಕೊಂಡು ಬರಬೇಕಾಗಿತ್ತು. ಆರು ದಿನಗಳ ಬಳಿಕ, ಕೊಕೊಸ್ ದ್ವೀಪಗಳಿಗೆ ನೈಋತ್ಯದಲ್ಲಿ, ಯಾವ ನೆಲವೂ ಹತ್ತಿರವಿಲ್ಲದ ಕಡಲಿನಲ್ಲಿ, ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ದಿಗಂತದಲ್ಲಿ ಒಂದು ಹಡಗು ಕಂಡಿತು. ಅದರ ಹಿಂದೆ ಇನ್ನೊಂದು.

ವಿಲ್ಸನ್ ಮುಂದಿದ್ದ ದಾರಿಗಳನ್ನು ಯೋಚಿಸಿ ನೋಡಿ. ಓಡಿ ತಪ್ಪಿಸಿಕೊಳ್ಳುವಂತಿಲ್ಲ, ಏಕೆಂದರೆ ‘ಒಂಡಿನಾ’ದ ವೇಗ ಗಂಟೆಗೆ ಸುಮಾರು ೧೨ ಮೈಲಿ ಮಾತ್ರ. ನಿಂತು ಗೆಲ್ಲುವಂತಿಲ್ಲ, ಏಕೆಂದರೆ ತೋಪುಗಳ ಅಂತರ ಆಗಲೇ ಹೇಳಿದೆ. ಉಳಿದದ್ದು ಒಂದೇ: ಶತ್ರುವಿನ ಗುಂಡುಗಳನ್ನು ತನ್ನ ಮೇಲೆ ಸೆಳೆದುಕೊಂಡು ತೈಲವಾಹಕಕ್ಕೆ ಸ್ವಲ್ಪ ಸಮಯವನ್ನು ಗಳಿಸಿಕೊಡುವುದು. ವಿಲ್ಸನ್ ಅದನ್ನೇ ಮಾಡಿದರು. ‘ಒಂಡಿನಾ’ಕ್ಕೆ ದೂರ ಸರಿಯುವಂತೆ ಸಂಕೇತ ಕೊಟ್ಟು, ‘ಬೆಂಗಾಲ್’ ಹಡಗಿನ ಮೂತಿಯನ್ನು ನೇರವಾಗಿ ಶತ್ರುವಿನತ್ತ ತಿರುಗಿಸಿದರು. ೧೨ ಪೌಂಡಿನ ಗುಂಡಿನ ಹಡಗು ೮೦ ಪೌಂಡಿನ ಗುಂಡಿನ ಹಡಗಿನ ಕಡೆಗೆ ಸಾಗಿತು.

ಕಪ್ತಾನ ಹಾರ್ಸ್‌ಮನ್ ಕೂಡ ಓಡಲಿಲ್ಲ. ತಮ್ಮ ನಿಧಾನಗತಿಯ ಹಡಗು ಓಡಿ ಪಾರಾಗದೆಂದು ತಿಳಿದು ಅವರೂ ತೋಪು ಹಾರಿಸಲು ಆಜ್ಞೆ ಮಾಡಿದರು. ಎರಡು ಸಣ್ಣ ತೋಪುಗಳು ‘ಹೊಕೊಕು ಮಾರು’ವಿನ ಮೇಲೆ ಗುರಿಯಿಟ್ಟವು. ಕೆಲವೇ ನಿಮಿಷಗಳಲ್ಲಿ ಒಂದು ಗುಂಡು ಅದರ ಹಿಂಭಾಗದಲ್ಲಿ ಬಿದ್ದಿತು. ಅಲ್ಲಿದ್ದ ಟಾರ್ಪೀಡೊಗಳು, ವಿಮಾನದ ಇಂಧನ, ಮದ್ದಿನ ದಾಸ್ತಾನು ಒಂದಕ್ಕೊಂದು ಬೆಂಕಿ ಹಚ್ಚಿಕೊಂಡವು. ದೊಡ್ಡ ಸ್ಫೋಟಗಳಾಗಿ, ಯುದ್ಧ ಆರಂಭವಾದ ಒಂದೂವರೆ ಗಂಟೆಯೊಳಗೆ ಆ ಮಹಾನೌಕೆ ಮುಳುಗಿತು. ಅದರ ಕಪ್ತಾನನೂ ಸೇರಿದಂತೆ ೭೦ಕ್ಕೂ ಹೆಚ್ಚು ಜಪಾನೀಯರು ಮಡಿದರು. ಅವರೂ ಯಾರದೋ ಮನೆಯ ಮಕ್ಕಳೇ ಎಂಬುದನ್ನು ವೈದ್ಯನಾದ ನಾನು ಮರೆಯಲಾರೆ.

ದೊಡ್ಡ ಹಡಗು ಇಷ್ಟು ಸಣ್ಣ ಗುಂಡಿಗೆ ಹೇಗೆ ಬಲಿಯಾಯಿತು? ನಿಜವಾದ ಯುದ್ಧನೌಕೆಯಲ್ಲಿ ಮದ್ದಿನ ಕೋಣೆಗಳಿಗೆ ದಪ್ಪ ಉಕ್ಕಿನ ಕವಚವಿರುತ್ತದೆ. ಇದು ವ್ಯಾಪಾರದ ಹಡಗಿಗೆ ತೊಡಿಸಿದ ಯೋಧನ ವೇಷ. ಆಯುಧಗಳು ಬಂದವು, ಕವಚ ಬರಲಿಲ್ಲ. ಮೈತುಂಬ ಸ್ಫೋಟಕಗಳನ್ನು ಹೊತ್ತುಕೊಂಡು ತೆಳುವಾದ ಚರ್ಮದಲ್ಲಿ ಓಡಾಡುತ್ತಿದ್ದ ಹಡಗು ಅದು.

ಸತ್ತಿತೆಂದು ತಿಳಿದ ಹಡಗು

ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. ‘ಐಕೊಕು ಮಾರು’ ಇನ್ನೂ ಇತ್ತು. ಅದು ಎರಡು ಹಡಗುಗಳ ಮೇಲೂ ಗುಂಡಿನ ಮಳೆಗರೆಯಿತು. ‘ಬೆಂಗಾಲ್’ ಪೆಟ್ಟು ತಿಂದಿತು. ಅದರ ಮದ್ದುಗುಂಡು ಬಹುತೇಕ ಬರಿದಾಗಿತ್ತು. ‘ಒಂಡಿನಾ’ವೂ ಪೆಟ್ಟು ತಿಂದು ಹೊಗೆಯಲ್ಲಿ ಮುಳುಗಿದಂತೆ ಕಾಣುತ್ತಿತ್ತು. ಇನ್ನು ಅದು ಉಳಿಯಲಾರದೆಂದು ತಿಳಿದು ವಿಲ್ಸನ್ ಹೊಗೆಯ ತೆರೆಯನ್ನು ಹರಡಿ, ಯುದ್ಧರಂಗದಿಂದ ಹಿಂದೆ ಸರಿದರು. ‘ಬೆಂಗಾಲ್’ನಲ್ಲಿ ಒಬ್ಬರೂ ಸಾಯಲಿಲ್ಲ. ದಿಯೆಗೊ ಗಾರ್ಸಿಯಾ ತಲುಪಿದ ಮೇಲೆ, ‘ಒಂಡಿನಾ’ ನಷ್ಟವಾಯಿತೆಂದು ಅವರು ವರದಿ ಮಾಡಿದರು.

‘ಒಂಡಿನಾ’ ನಷ್ಟವಾಗಿರಲಿಲ್ಲ. ಅದರ ೩೨ ಗುಂಡುಗಳು ಮುಗಿದಿದ್ದವು. ಹಡಗನ್ನು ಬಿಟ್ಟು ದೋಣಿಗಳಿಗೆ ಇಳಿಯುವಂತೆ ಆಜ್ಞೆಯಾಯಿತು. ಆ ಹೊತ್ತಿನಲ್ಲಿ ಬಿದ್ದ ಗುಂಡಿಗೆ ಕಪ್ತಾನ ಹಾರ್ಸ್‌ಮನ್ ಬಲಿಯಾದರು. ‘ಐಕೊಕು ಮಾರು’ ಹತ್ತಿರ ಬಂದು ಎರಡು ಟಾರ್ಪೀಡೊಗಳನ್ನು ಹೊಡೆಯಿತು. ಬಳಿಕ ದೋಣಿಗಳಲ್ಲಿದ್ದ ನಿರಾಯುಧ ಜನರ ಮೇಲೆ ಮೆಷಿನ್‌ಗನ್ನು ಹಾರಿಸಿತು. ಅಲ್ಲಿಯೂ ಪ್ರಾಣಗಳು ಹೋದವು, ಹಲವರು ಗಾಯಗೊಂಡರು. ಒಂದು ಕಡೆಗೆ ಒರಗಿ ಸುಡುತ್ತಿದ್ದ ಹಡಗು ತಾನಾಗಿಯೇ ಮುಳುಗುವುದೆಂದು ಭಾವಿಸಿ, ‘ಹೊಕೊಕು ಮಾರು’ವಿನಲ್ಲಿ ಬದುಕುಳಿದವರನ್ನು ಎತ್ತಿಕೊಂಡು ‘ಐಕೊಕು ಮಾರು’ ಹೊರಟುಹೋಯಿತು. ಹೀಗೆ ‘ಒಂಡಿನಾ’ ಸತ್ತಿತೆಂದು ಮಿತ್ರರೂ ನಂಬಿದರು, ಶತ್ರುವೂ ನಂಬಿದ.

ಆಗ ಮೊದಲನೆಯ ಅಧಿಕಾರಿ ರೆವಿಂಕೆಲ್ ದೋಣಿಗಳಲ್ಲಿದ್ದವರನ್ನು ಒಪ್ಪಿಸಿ ಮತ್ತೆ ಹಡಗನ್ನು ಹತ್ತಿದರು. ಬೆಂಕಿಯನ್ನು ಆರಿಸಿದರು. ತೈಲವಾಹಕದ ಒಡಲು ಜೇನುಗೂಡಿನಂತೆ ಬೇರೆ ಬೇರೆ ತೊಟ್ಟಿಗಳಾಗಿ ಹಂಚಿಹೋಗಿರುತ್ತದೆ. ಒಂದೆರಡು ತೊಟ್ಟಿಗಳು ಒಡೆದು ನೀರು ತುಂಬಿದರೂ ಉಳಿದ ಖಾಲಿ ತೊಟ್ಟಿಗಳು ಅದನ್ನು ತೇಲಿಸುತ್ತವೆ. ಒರಗಿದ ಕಡೆಗೆ ಎದುರಿನ ತೊಟ್ಟಿಗಳಿಗೆ ನೀರು ಬಿಟ್ಟು ಹಡಗನ್ನು ನೆಟ್ಟಗೆ ಮಾಡಿದರು. ಎಂಜಿನುಗಳು ಇನ್ನೂ ಸುಸ್ಥಿತಿಯಲ್ಲಿದ್ದವು. ಗಾಯಾಳುಗಳನ್ನು ಹೊತ್ತ ‘ಒಂಡಿನಾ’ ಮತ್ತೆ ಫ್ರೀಮ್ಯಾಂಟಲ್ ಕಡೆಗೆ ಮುಖ ಮಾಡಿತು.

ದಾರಿಯಲ್ಲಿ ಅವರು ವೈದ್ಯಕೀಯ ನೆರವನ್ನು ಕೋರಿ ರೇಡಿಯೊ ಸಂದೇಶ ಕಳುಹಿಸಿದರು. ರಹಸ್ಯ ಸಂಕೇತಗಳ ಪುಸ್ತಕವನ್ನು ಯುದ್ಧದ ವೇಳೆಯಲ್ಲಿ ಸಮುದ್ರಕ್ಕೆ ಎಸೆದಿದ್ದರಿಂದ ಸಂದೇಶವನ್ನು ಸಾದಾ ಭಾಷೆಯಲ್ಲಿ ಕೊಡಬೇಕಾಯಿತು. ಅದು ಶತ್ರುವಿನ ಮೋಸವಿರಬಹುದೆಂದು ಸಂಶಯಿಸಿ ದಡದಲ್ಲಿದ್ದವರು ಉತ್ತರ ಕೊಡಲಿಲ್ಲ. ಕೊನೆಗೆ ಫ್ರೀಮ್ಯಾಂಟಲ್‌ನಿಂದ ಸುಮಾರು ೨೦೦ ಮೈಲಿ ದೂರದಲ್ಲಿ ಗಸ್ತುವಿಮಾನವೊಂದು ಅದನ್ನು ಕಂಡಿತು. ‘ವಾಂಗನೆಲ್ಲಾ’ ಎಂಬ ಆಸ್ಪತ್ರೆ ಹಡಗು ಸಂಧಿಸಿ ಗಾಯಾಳುಗಳ ನೆರವಿಗೆ ಬಂದಿತು. ಯುದ್ಧ ನಡೆದ ಏಳನೆಯ ದಿನ, ನವೆಂಬರ್ ೧೮ರಂದು, ಸತ್ತ ಹಡಗು ಬಂದರಿಗೆ ನಡೆದು ಬಂದಿತು. ದುರಸ್ತಿಯಾದ ಮೇಲೆ ಅದು ಯುದ್ಧಾನಂತರವೂ ಹಲವು ವರ್ಷ ಸೇವೆ ಸಲ್ಲಿಸಿತು.

ತೀರ್ಪು ಹೇಗೆ?

ವಿಲ್ಸನ್ ಅವರಿಗೆ ಡಿ.ಎಸ್.ಒ. ಪದಕ ದೊರೆಯಿತು. ಆದರೆ ವಾದವೂ ಹುಟ್ಟಿತು. ‘ಹೊಕೊಕು ಮಾರು’ವನ್ನು ಮುಳುಗಿಸಿದ ಗುಂಡು ನಮ್ಮದೆಂದು ‘ಬೆಂಗಾಲ್’ನವರು ನಂಬಿದರು, ನಮ್ಮದೆಂದು ‘ಒಂಡಿನಾ’ದವರು. ಅನಂತರದ ಬಹುತೇಕ ಬರಹಗಾರರು ಆ ಕೀರ್ತಿಯನ್ನು ‘ಒಂಡಿನಾ’ದ ತೋಪಿಗೇ ಕೊಟ್ಟಿದ್ದಾರೆ. ಇದಕ್ಕಿಂತ ಕಹಿಯಾದ ಪ್ರಶ್ನೆ ಇನ್ನೊಂದು: ಕಾಪಾಡಬೇಕಾದ ಹಡಗನ್ನು ಬಿಟ್ಟು ಬೆಂಗಾವಲಿನ ಹಡಗು ಹೋಗಬಹುದೆ?

ನಾವು ಭಾರತೀಯರು ಈ ಕತೆಯನ್ನು ಹೇಳುವಾಗ ಮೊದಲರ್ಧವನ್ನು ಮಾತ್ರ ಹೇಳುವುದುಂಟು. ಪುಟ್ಟ ಹಡಗು ಎರಡು ದೈತ್ಯರನ್ನು ಎದುರಿಸಿತು, ಒಂದನ್ನು ಮುಳುಗಿಸಿತು, ಜಯ. ‘ಒಂಡಿನಾ’ದ ಪರವಾಗಿ ಹೇಳುವವರು ಎರಡನೆಯ ಅರ್ಧಕ್ಕೇ ಒತ್ತು ಕೊಡುವುದುಂಟು. ಎರಡೂ ಅರ್ಧಸತ್ಯಗಳೆಂದೇ ನನ್ನ ಅಭಿಪ್ರಾಯ.

ಇಲ್ಲಿ ನನ್ನ ವೃತ್ತಿಯ ಅನುಭವವೊಂದನ್ನು ಹೇಳಲು ಅನುಮತಿ ಬೇಡುತ್ತೇನೆ. ಎಂ.ಬಿ.ಬಿ.ಎಸ್. ಮುಗಿಸಿ ಪರದೇಶಕ್ಕೆ ಬಂದು ತರಬೇತಿಯಲ್ಲಿದ್ದ ಕಾಲದಲ್ಲಿ, ತೀರಿಕೊಂಡ ರೋಗಿಗಳ ಕಾಗದಪತ್ರಗಳನ್ನು ಎಲ್ಲರೂ ಕುಳಿತು ಪರಿಶೀಲಿಸುವ ಸಭೆಯೊಂದು ನಡೆಯುತ್ತಿತ್ತು. ರಾತ್ರಿ ಪಾಳಿಯಲ್ಲಿದ್ದ ಕಿರಿಯ ವೈದ್ಯನೊಬ್ಬನ ತಪ್ಪನ್ನು ನಾವು ಉಳಿದವರು ಹಗಲಿನ ಬೆಳಕಿನಲ್ಲಿ, ಎಲ್ಲ ಪರೀಕ್ಷೆಗಳ ಫಲಿತಾಂಶವನ್ನು ಕೈಯಲ್ಲಿ ಹಿಡಿದು ಎತ್ತಿ ತೋರಿಸುತ್ತಿದ್ದೆವು. ನಮ್ಮ ಹಿರಿಯರು ಎರಡೇ ಪ್ರಶ್ನೆ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಅವನಿಗೆ ತಿಳಿದಿದ್ದದ್ದು ಏನು? ಇನ್ನೇನನ್ನು ತಿಳಿದುಕೊಳ್ಳಲು ಅವನಿಗೆ ಸಾಧ್ಯವಿತ್ತು? ಮೊದಲನೆಯ ಪ್ರಶ್ನೆ ನಮಗೆ ಕರುಣೆಯನ್ನು ಕಲಿಸಿತು, ಎರಡನೆಯದು ಜವಾಬ್ದಾರಿಯನ್ನು.

ವಿಲ್ಸನ್ ಅವರಿಗೂ ಇದೇ ಎರಡು ಪ್ರಶ್ನೆಗಳನ್ನು ಹಾಕಬೇಕು. ಅವರಿಗೆ ತಿಳಿದಿದ್ದದ್ದು: ಗುಂಡುಗಳು ತೀರುತ್ತಿವೆ, ಹಡಗು ಪೆಟ್ಟು ತಿಂದಿದೆ, ತೈಲವಾಹಕ ಹೊಗೆಯಲ್ಲಿದೆ, ತಮ್ಮ ಕೈಕೆಳಗೆ ಎಂಬತ್ತು ಜೀವಗಳಿವೆ. ತಿಳಿದುಕೊಳ್ಳಲು ಸಾಧ್ಯವಿದ್ದದ್ದು? ತಡೆದು ಮತ್ತೊಮ್ಮೆ ನೋಡಿದ್ದರೆ ದೋಣಿಗಳಲ್ಲಿದ್ದ ಜನರಾದರೂ ಕಾಣುತ್ತಿದ್ದರೇನೋ. ಹಾಗೆ ನೋಡಲು ನಿಂತಿದ್ದರೆ ‘ಬೆಂಗಾಲ್’ ಕೂಡ ಸಮುದ್ರದ ತಳ ಸೇರುತ್ತಿತ್ತೇನೋ. ತಣ್ಣೀರಿನಲ್ಲಿ ಮುಳುಗಿದವನನ್ನು ಮೈ ಬೆಚ್ಚಗಾಗುವವರೆಗೆ ಸತ್ತನೆಂದು ಸಾರಬಾರದೆಂಬುದು ನಮ್ಮ ವೈದ್ಯಶಾಸ್ತ್ರದ ನಿಯಮ. ಆದರೆ ನಮ್ಮ ಮೇಲೆ ಯಾರೂ ಗುಂಡು ಹಾರಿಸುತ್ತಿರುವುದಿಲ್ಲ.

ಆದುದರಿಂದ ನಾನು ಹೇಳಬಯಸುವುದು ಇಷ್ಟೆ. ಶತ್ರುವಿನತ್ತ ತಿರುಗಿದ ಧೈರ್ಯ ನಿಜ. ಜೀವಂತ ಹಡಗನ್ನು ಸತ್ತಿತೆಂದು ವರದಿ ಮಾಡಿದ ತಪ್ಪೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದಾಗಲೇ ಆ ಮನುಷ್ಯರಿಗೆ ನಾವು ನಿಜವಾದ ಗೌರವ ಸಲ್ಲಿಸಿದಂತೆ.

ಅನಂತರದ ಕಾಲ

ಈ ಕದನದ ಫಲ ಸಣ್ಣದಲ್ಲ. ಹಿಂದೂ ಮಹಾಸಾಗರದಲ್ಲಿ ವ್ಯಾಪಾರದ ಹಡಗುಗಳಿಗೆ ವೇಷ ತೊಡಿಸಿ ದಾಳಿಗೆ ಬಿಡುವ ಪದ್ಧತಿಯನ್ನು ಜಪಾನ್ ಕೈಬಿಟ್ಟಿತು. ‘ಐಕೊಕು ಮಾರು’ ಸಾಗಣೆಯ ಕೆಲಸಕ್ಕೆ ಇಳಿದು, ೧೯೪೪ರ ಫೆಬ್ರವರಿಯಲ್ಲಿ ಪೆಸಿಫಿಕ್ ಸಾಗರದ ಟ್ರೂಕ್‌ನಲ್ಲಿ ಅಮೆರಿಕದ ವಿಮಾನಗಳ ದಾಳಿಗೆ ಸಿಕ್ಕಿ ಮುಳುಗಿತು. ‘ಬೆಂಗಾಲ್’ ಯುದ್ಧ ಮುಗಿಯುವವರೆಗೆ ದುಡಿದು, ಸ್ವತಂತ್ರ ಭಾರತದ ನೌಕಾಪಡೆಯಲ್ಲಿಯೂ ಮುಂದುವರಿಯಿತು. ೧೯೬೦ರಲ್ಲಿ ಅದನ್ನು ಒಡೆದು ಗುಜರಿಗೆ ಹಾಕಿದರು.

ಅದರ ನಾವಿಕರ ಕತೆಯನ್ನು ಯಾರೂ ಅಷ್ಟಾಗಿ ಹೇಳಲಿಲ್ಲ. ೧೯೪೬ರ ಫೆಬ್ರವರಿಯಲ್ಲಿ ಮುಂಬಯಿಯ ‘ತಲ್ವಾರ್’ ಕೇಂದ್ರದಲ್ಲಿ ಕೆಟ್ಟ ಆಹಾರ, ಅಪಮಾನ, ತಾರತಮ್ಯಗಳ ವಿರುದ್ಧ ಆರಂಭವಾದ ನೌಕಾ ಬಂಡಾಯ ಹಲವು ಹಡಗುಗಳಿಗೂ ಬಂದರುಗಳಿಗೂ ಹಬ್ಬಿತು. ಸ್ವಾತಂತ್ರ್ಯದ ಚರಿತ್ರೆಯಲ್ಲಿ ಆ ಪಡೆಯ ನೆನಪು ಉಳಿದದ್ದು ಆ ಬಂಡಾಯದಿಂದ. ಬ್ರಿಟಿಷರ ಚರಿತ್ರೆಯಲ್ಲಿ ಅವರ ಪಾಲು ಅಡಿಟಿಪ್ಪಣಿಯಷ್ಟು. ‘ಬೆಂಗಾಲ್’ ಹಡಗಿನ ಬಗ್ಗೆ ಬರೆದವರು ಕಪ್ತಾನನ ಹೆಸರನ್ನು ತಪ್ಪದೆ ಹೇಳುತ್ತಾರೆ. ಆ ಸಣ್ಣ ತೋಪಿಗೆ ಗುಂಡು ತುಂಬಿದ ಕೈಗಳ ಹೆಸರನ್ನು ಹೇಳುವವರು ವಿರಳ.

ಹಳೆಯ ಕಡತಗಳನ್ನು ಮತ್ತೆ ತೆರೆಯಬಹುದು ಎಂಬುದಕ್ಕೆ ಇದೇ ವರ್ಗದ ಇನ್ನೊಂದು ಹಡಗು ಸಾಕ್ಷಿ. ‘ಬೆಂಗಾಲ್’ ಕದನದ ಮೂರು ವಾರಗಳೊಳಗೆ, ೧೯೪೨ ಡಿಸೆಂಬರ್ ೧ರಂದು, ‘ಆರ್ಮಿಡೇಲ್’ ಹಡಗು ಟಿಮೋರ್ ಬಳಿ ಜಪಾನೀ ವಿಮಾನಗಳ ದಾಳಿಗೆ ಮುಳುಗಿತು. ಮುಳುಗುವ ಹಡಗಿನ ತೋಪನ್ನು ಬಿಡದೆ ಹೋರಾಡಿ ಮಡಿದ ಹದಿನೆಂಟು ವರ್ಷದ ನಾವಿಕ ಟೆಡ್ಡಿ ಶೀನ್‌ಗೆ ವಿಕ್ಟೋರಿಯಾ ಕ್ರಾಸ್ ದೊರೆತದ್ದು ೨೦೨೦ರಲ್ಲಿ, ಅಂದರೆ ೭೮ ವರ್ಷಗಳ ಬಳಿಕ. ಅವನ ಮನೆಯವರೂ ಹಿತೈಷಿಗಳೂ ಕೇಳುವುದನ್ನು ನಿಲ್ಲಿಸಲಿಲ್ಲ.

‘ಬೆಂಗಾಲ್’ ನಾವಿಕರ ಪರವಾಗಿ ಕೇಳುವವರು ಯಾರು? ಪದಕಗಳನ್ನು ತರುವುದು ನಮ್ಮ ಕೈಯಲ್ಲಿಲ್ಲ. ಆದರೆ ಏಪ್ರಿಲ್ ೨೫ರ ಆನ್ಜಾಕ್ ದಿನದಂದು ನಮ್ಮ ಮಕ್ಕಳು ಶಾಲೆಯಲ್ಲಿ ತಲೆಬಾಗಿ ನಿಲ್ಲುವಾಗ, ‘ನಮ್ಮ ದೇಶದವರೂ ಇದರಲ್ಲಿ ಇದ್ದರೇ?’ ಎಂದು ಕೇಳಿದರೆ ಉತ್ತರ ಕೊಡುವುದು ನಮ್ಮ ಕೈಯಲ್ಲಿದೆ. ಮುಂದಿನ ರಜೆಯಲ್ಲಿ ಅವರನ್ನು ವಿಲಿಯಮ್ಸ್‌ಟೌನಿಗೆ ಕರೆದೊಯ್ಯಿರಿ. ದಕ್ಷಿಣ ಆಸ್ಟ್ರೇಲಿಯಾದ ಕಡೆ ಹೋದರೆ ವೈಯಲ್ಲಾ ಊರಿನಲ್ಲಿ ಇದೇ ವರ್ಗದ ಇನ್ನೊಂದು ಹಡಗು ನೆಲದ ಮೇಲೆಯೇ ನಿಂತಿದೆ. ಆ ಇಕ್ಕಟ್ಟಾದ ಮೆಟ್ಟಿಲುಗಳನ್ನು ಮಕ್ಕಳೊಡನೆ ಇಳಿದು, ಇಂಥದೇ ಒಂದು ಹಡಗಿನಲ್ಲಿ ನಮ್ಮವರಿದ್ದರೆಂದು ಹೇಳಿ. ಅವರು ಶತ್ರುವಿನತ್ತ ತಿರುಗಿದ್ದನ್ನು ಹೇಳಿ, ಹಿಂದೆ ಸರಿದದ್ದನ್ನೂ ಹೇಳಿ. ಸತ್ತಿತೆಂದು ಎಲ್ಲರೂ ನಂಬಿದ ಹಡಗು ಏಳನೆಯ ದಿನ ಬಂದರಿಗೆ ಬಂದದ್ದನ್ನು ಹೇಳಲು ಮಾತ್ರ ಮರೆಯಬೇಡಿ.